ಅಲಗು ಮತ್ತು ಸುಳಿ: ಒಂದು ಗಣನಪದ್ಧತಿಯ ವಿಮರ್ಶೆ

ಹೆಲಿಕಾಪ್ಟರು ಇಳಿಯುವಾಗ ನೆಲದ ಮೇಲಿರುವವರಿಗೆ ಕೇಳಿಬರುವ ಬಡಿತದಂಥ ಸದ್ದಿಗೆ ಮುಖ್ಯ ಕಾರಣ ಅದರ ಎಂಜಿನ್ನಲ್ಲ. ತಿರುಗುವ ಅಲಗಿನ ತುದಿಯಿಂದ ಕಳಚಿದ ಗಾಳಿಯ ಸುಳಿ ಇಳಿಹಾರಾಟದಲ್ಲಿ ಕೆಳಕ್ಕೆ ಸರಿದುಹೋಗದೆ, ಅಲಗುಗಳು ತಿರುಗುವ ತಲದ ಬಳಿಯಲ್ಲಿಯೇ ಉಳಿದು, ಹಿಂದೆ ಬರುವ ಅಲಗಿಗೆ ಎದುರಾಗುತ್ತದೆ. ಆಗ ಅಲಗಿನ ಮುಂದಣ ಅಂಚಿನಲ್ಲಿ ಒತ್ತಡವು ಥಟ್ಟನೆ ಏರಿಳಿದು ಸದ್ದು ಹುಟ್ಟುತ್ತದೆ. ಇದನ್ನು ಗಣಕಯಂತ್ರದ ನೆರವಿನಿಂದ ಮುಂದಾಗಿ ಅರಿಯಲು ಹೊರಟ ಪದ್ಧತಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಮುಕ್ತ ಸುಳಿಜಾಡಿನ’ ಪದ್ಧತಿಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ಪದ್ಧತಿಯು ಸುಳಿಗಳನ್ನು ಎಳೆಗಳೆಂದು ಭಾವಿಸಿ, ಅವು ಸುತ್ತಲೂ ಉಂಟುಮಾಡುವ ವೇಗವನ್ನು ಬಿಯೋ-ಸಾವಾರ್ ನಿಯಮದಿಂದ ಎಣಿಸುತ್ತದೆ. ಅಲ್ಪ ಗಣನೆಯಿಂದ ಅಧಿಕ ಫಲ ದೊರೆಯುವುದು ಇದರ ನಿಜವಾದ ಗುಣ. ಆದರೆ ಎಳೆಯನ್ನು ಸಮೀಪಿಸಿದಂತೆಲ್ಲ ಆ ವೇಗವು ಮಿತಿಯಿಲ್ಲದೆ ಬೆಳೆಯುವುದರಿಂದ, ಸುಳಿಗೆ ಒಂದು ತಿರುಳನ್ನು ಕಲ್ಪಿಸಿ ಅದರ ತ್ರಿಜ್ಯವನ್ನು ಹೊರಗಿನಿಂದ ಗೊತ್ತುಮಾಡಬೇಕಾಗುತ್ತದೆ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ತ್ರಿಜ್ಯವು ಕಿರಿದಾದರೆ ಒತ್ತಡದ ಏರಿಳಿತ ತೀಕ್ಷ್ಣವಾಗುತ್ತದೆ, ಹಿರಿದಾದರೆ ಮಂದವಾಗುತ್ತದೆ. ಅಳತೆಯ ಫಲವನ್ನು ಕಂಡು ತ್ರಿಜ್ಯವನ್ನು ಆರಿಸಿ, ಬಳಿಕ ಗಣನೆಯು ಅಳತೆಗೆ ಹೊಂದಿತೆಂದು ಹೇಳುವುದು ಉತ್ತರವನ್ನು ನೋಡಿ ಲೆಕ್ಕ ಮಾಡಿದಂತೆಯೇ ಸರಿ.

ಈ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಬಲ್ಲ ಸಾಮಗ್ರಿ ಈಗ ಉಂಟು. ೨೦೦೧ರಲ್ಲಿ ಜರ್ಮನ್-ಡಚ್ ಗಾಳಿಸುರಂಗದಲ್ಲಿ ನಡೆದ ‘ಹಾರ್ಟ್-೨’ ಪ್ರಯೋಗದಲ್ಲಿ, ಬಿಓ-೧೦೫ ಹೆಲಿಕಾಪ್ಟರಿನ ನಾಲ್ಕು ಅಲಗುಗಳ ರೋಟರನ್ನು ನೂರಕ್ಕೆ ೪೦ರ ಪ್ರಮಾಣದಲ್ಲಿ, ೨ ಮೀಟರು ತ್ರಿಜ್ಯಕ್ಕೆ ಇಳಿಸಿ ಪರೀಕ್ಷಿಸಲಾಯಿತು. ಗಾಳಿಯಲ್ಲಿ ತೇಲುವ ಕಣಗಳನ್ನು ಲೇಸರ್ ಬೆಳಕಿನಲ್ಲಿ ಚಿತ್ರಿಸಿ, ಸುಳಿಯ ಸ್ಥಾನವನ್ನೂ ತಿರುಳಿನ ಗಾತ್ರವನ್ನೂ ಅಳೆದರು. ಅಲಗಿನ ಕೋನವನ್ನು ಒಂದು ಸುತ್ತಿಗೆ ಮೂರು ಬಾರಿ ೦.೮ ಡಿಗ್ರಿಯಷ್ಟು ತೂಗಾಡಿಸಿ, ಮೂಲಸ್ಥಿತಿಯಲ್ಲದೆ ಸದ್ದು ಕನಿಷ್ಠವಾದ ಮತ್ತು ಕಂಪನ ಕನಿಷ್ಠವಾದ ಸ್ಥಿತಿಗಳನ್ನೂ ದಾಖಲಿಸಿದರು. ಮೂಲಸ್ಥಿತಿಯಲ್ಲಿ ತ್ರಿಜ್ಯದ ನಿಯಮವನ್ನು ಒಮ್ಮೆ ಗೊತ್ತುಮಾಡಿ, ಮಿಕ್ಕೆರಡು ಸ್ಥಿತಿಗಳಲ್ಲಿ ಅದನ್ನು ಬದಲಿಸದೆ ಪಡೆದ ಫಲವೊಂದನ್ನೇ ನಾವು ಭವಿಷ್ಯಕಥನವೆಂದು ಒಪ್ಪಬಹುದು.

ದ್ರವಚಲನೆಯ ಸಮೀಕರಣಗಳನ್ನು ಜಾಲದ ಮೇಲೆ ನೇರವಾಗಿ ಬಿಡಿಸುವ ಪದ್ಧತಿಯು ಈ ದೋಷದಿಂದ ಮುಕ್ತವೆಂದು ವಾದಿಸುವವರುಂಟು. ಆದರೆ ಜಾಲವು ಒರಟಾದರೆ ಸುಳಿಯು ಹರಡಿ ದಪ್ಪವಾಗುತ್ತದೆ. ಅಲ್ಲಿ ಜಾಲದ ಕಣ್ಣಿನ ಅಗಲವೇ ತಿರುಳಿನ ತ್ರಿಜ್ಯದ ಪಾತ್ರವನ್ನು ವಹಿಸುತ್ತದೆ.

ಅಳೆಯುವ ಕೋಲನ್ನೂ ಬದಲಿಸಬೇಕು. ಒಟ್ಟು ಎತ್ತುಬಲವು ಹೊಂದಿದ ಮಾತ್ರಕ್ಕೆ ತೃಪ್ತಿ ಸಲ್ಲದು; ಸದ್ದನ್ನು ಹುಟ್ಟಿಸುವುದು ಬಲದ ಮೊತ್ತವಲ್ಲ, ಅದು ಕಾಲದೊಡನೆ ಬದಲಾಗುವ ವೇಗ. ಆಸ್ಪತ್ರೆಯ ಮಾಳಿಗೆಯ ಮೇಲೆ ಹೆಲಿಕಾಪ್ಟರು ಇಳಿಯುವ ಕಾಲವಿದು. ಅದರ ಅಲಗಿನ ಆಕಾರವನ್ನು ಗಣನೆಯನ್ನು ನಂಬಿ ಆರಿಸಿದಲ್ಲಿ, ಆ ಗಣನೆಯ ತಪ್ಪನ್ನು ಮೊದಲು ಕೇಳುವವನು ಕೆಳಗೆ ಮಲಗಿರುವ ರೋಗಿ.