ಓದಿನ ಲಾಭ ಯಾರ ಲೆಕ್ಕಕ್ಕೆ?

"ಓದಿದವನಿಗೆ ಲಾಭ ಬರುತ್ತೆ. ಲಾಭ ಯಾರಿಗೆ ಬರುತ್ತೋ ಅವನೇ ದುಡ್ಡು ಕೊಡಲಿ. ಕೈಲಿ ಇಲ್ಲದಿದ್ರೆ ಬ್ಯಾಂಕಿನಲ್ಲಿ ಸಾಲ ತಗೊಳ್ಳಲಿ, ಕೆಲಸ ಸಿಕ್ಕಮೇಲೆ ತೀರಿಸಲಿ." ಈ ಮಾತು ಕೇಳೋದಕ್ಕೆ ಎಷ್ಟು ನ್ಯಾಯವಾಗಿದೆ ನೋಡಿ. ನಮ್ಮ ಅಧ್ಯಯನ ಕೂಟದ ಇಬ್ಬರು ಹುಡುಗರೇ ಇದನ್ನು ಒಪ್ಪಿಕೊಂಡು ಬಂದಿದ್ದರು. ಅರ್ಥಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರಂತೆ. ಬೋರ್ಡಿನ ಮೇಲೆ ಬರೆದದ್ದೆಲ್ಲ ನಿಜ ಅಂತ ನಂಬುವ ವಯಸ್ಸು ಅವರದು, ತಪ್ಪು ಅವರದಲ್ಲ. ಹಾಗಂತ ನಾವು ಸುಮ್ಮನಿರೋಕೂ ಆಗಲ್ಲ. ಇಂಥ ಮಾತುಗಳು ಯಾರ ಮನೆಯಿಂದ ಹೊರಟು ಯಾರ ಮನೆಯ ಬಾಗಿಲಿಗೆ ಬರುತ್ತವೆ ಅನ್ನೋದನ್ನ ಬಿಡಿಸಿ ನೋಡಲೇಬೇಕು.

ಲೆಕ್ಕ ಹೀಗಿದೆ. ಪಿಯುಸಿಗೇ ಓದು ಬಿಟ್ಟವನು ಜೀವಮಾನದಲ್ಲಿ ಎಷ್ಟು ದುಡಿಯುತ್ತಾನೆ, ಡಿಗ್ರಿ ಮಾಡಿದವನು ಎಷ್ಟು ದುಡಿಯುತ್ತಾನೆ, ಇವೆರಡರ ವ್ಯತ್ಯಾಸವೇ ಓದಿನ ಲಾಭ. ಖರ್ಚಿನ ಕಡೆ ಫೀಸು, ಪುಸ್ತಕ, ಜೊತೆಗೆ ಓದುವ ವರ್ಷಗಳಲ್ಲಿ ದುಡಿಯದೆ ಕಳಕೊಂಡ ಕೂಲಿ. ಇದನ್ನೆಲ್ಲ ಗುಣಿಸಿ ಭಾಗಿಸಿದರೆ ಬಡ್ಡಿ ದರದ ಹಾಗೆ ಶೇಕಡಾ ಇಷ್ಟು ಅಂತ ಒಂದು ಅಂಕಿ ಸಿಗುತ್ತದೆ. ಅಮೆರಿಕದ ಥಿಯೋಡರ್ ಶುಲ್ಟ್ಸ್ 1960ರಲ್ಲಿ ಓದನ್ನು ಬಂಡವಾಳ ಎಂದು ಕರೆದು ಭಾಷಣ ಮಾಡಿದರು. ಗ್ಯಾರಿ ಬೆಕರ್ 1964ರಲ್ಲಿ 'ಮಾನವ ಬಂಡವಾಳ' ಅಂತಲೇ ಪುಸ್ತಕ ಬರೆದರು. ಜೇಕಬ್ ಮಿನ್ಸರ್ 1974ರಲ್ಲಿ ಓದಿದ ವರ್ಷಕ್ಕೂ ಸಂಬಳಕ್ಕೂ ಸೂತ್ರ ಕಟ್ಟಿದರು. ಶುಲ್ಟ್ಸ್‌ಗೆ 1979ರಲ್ಲಿ, ಬೆಕರ್‌ಗೆ 1992ರಲ್ಲಿ ನೊಬೆಲ್ ಬಂತು. ಇವರು ದಡ್ಡರಲ್ಲ. ಓದು ದಂಡದ ಖರ್ಚಲ್ಲ, ಅದರಿಂದ ಫಲ ಇದೆ ಎಂದು ಹೇಳಿದ್ದು ಆ ಕಾಲಕ್ಕೆ ಒಳ್ಳೆಯ ಮಾತೇ. ಕೆಡುಕು ಶುರುವಾಗಿದ್ದು ಆಮೇಲೆ.

ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಜಾರ್ಜ್ ಸಖರೋಪುಲಸ್ 1973ರಲ್ಲಿ, ಮತ್ತೆ 1985ರಲ್ಲಿ ಹತ್ತಾರು ದೇಶಗಳಿಗೆ ಈ ಲೆಕ್ಕ ಹಚ್ಚಿ ಕೋಷ್ಟಕ ಹಾಕಿದರು. ಅದರಲ್ಲಿ ಎರಡು ಬಗೆ. ಓದಿದವನ ಜೇಬಿನ ಖರ್ಚು ಮಾತ್ರ ಹಿಡಿದರೆ ಖಾಸಗಿ ಲಾಭ, ಸರ್ಕಾರ ಹಾಕಿದ್ದನ್ನೂ ಹಿಡಿದರೆ ಸಾಮಾಜಿಕ ಲಾಭ. ಕಾಲೇಜು ಓದಿನಲ್ಲಿ ಖಾಸಗಿ ಲಾಭ ಹೆಚ್ಚು, ಸಾಮಾಜಿಕ ಲಾಭ ಕಡಿಮೆ. ಪ್ರಾಥಮಿಕ ಶಾಲೆಯಲ್ಲಿ ಸಾಮಾಜಿಕ ಲಾಭ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಸರ್ಕಾರ ಕಾಲೇಜಿನಿಂದ ಕೈ ತೆಗೆದು ಶಾಲೆಗೆ ಹಾಕಲಿ, ಕಾಲೇಜಿನವರು ಫೀಸು ಕೊಡಲಿ, ಸಾಲ ಮಾಡಲಿ. 1986ರಲ್ಲಿ ವಿಶ್ವಬ್ಯಾಂಕು ಬಡ ದೇಶಗಳಿಗೆ ಹೇಳಿದ ಬುದ್ಧಿವಾದ ಇದು.

ಕಣ್ಕಟ್ಟು ಇರೋದು ಇಲ್ಲೇ. ತೆರಿಗೆ ಕಳೆದ ಸಂಬಳವೋ ಕಳೆಯದ ಸಂಬಳವೋ ಎಂಬ ಸಣ್ಣ ವ್ಯತ್ಯಾಸ ಬಿಟ್ಟರೆ, ಎರಡು ಲೆಕ್ಕದಲ್ಲೂ ಲಾಭದ ಕಡೆ ಇರುವುದು ಸಂಬಳವೊಂದೇ. ಖರ್ಚು ಮಾತ್ರ ಒಂದರಲ್ಲಿ ಹೆಚ್ಚು. ಒಂದೇ ಹೊಲದ ರಾಗಿಗೆ ಒಂದು ಸಲ ನಿಮ್ಮ ಗೊಬ್ಬರದ ಖರ್ಚು ಹಿಡಿದು, ಇನ್ನೊಂದು ಸಲ ಪಕ್ಕದವರು ಕೊಟ್ಟ ಗೊಬ್ಬರವನ್ನೂ ಸೇರಿಸಿದರೆ ಎರಡನೇ ಸಲ ಲಾಭ ಕಡಿಮೆ ಬರದೆ ಇನ್ನೇನು ಬರುತ್ತೆ? ಕೇರಿಯ ಮೊದಲ ನರ್ಸು ಬಂದಮೇಲೆ ಎಷ್ಟು ಬಾಣಂತಿಯರು ಬದುಕಿದರು, ಮೊದಲ ವಕೀಲ ಬಂದಮೇಲೆ ಪೊಲೀಸರ ಬಾಯಿ ಎಷ್ಟು ಮೆತ್ತಗಾಯಿತು, ಇದು ಯಾವ ಕೋಷ್ಟಕದಲ್ಲೂ ಇಲ್ಲ. ಅಳೆಯಲಾಗದ ಲಾಭಗಳೂ ಇವೆ ಅಂತ ಅವರೂ ಒಪ್ಪುತ್ತಾರೆ. ಆದರೆ ಆ ಒಪ್ಪಿಗೆ ತೀರ್ಮಾನದ ತನಕ ಬರೋದಿಲ್ಲ. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದ ದಲಿತ ವಿದ್ಯಾರ್ಥಿಗಳು, ಅದರ ಬೆನ್ನಿಗೆ ಹಾಸ್ಟೆಲ್ಲುಗಳಿಂದ ಎದ್ದು ಬಂದ ಚಳವಳಿ, ಅದರ ಹಾಡು, ಅದರ ಪತ್ರಿಕೆಗಳು, ಇವೆಲ್ಲ ಸರ್ಕಾರದ ಮುದ್ದೆ ಸಾರಿನ ಮೇಲೆ ಬೆಳೆದದ್ದು. ಆ ಮುದ್ದೆಗೆ ಶೇಕಡಾ ಎಷ್ಟು ಲಾಭ ಬಂತು ಅಂತ ಸಖರೋಪುಲಸ್ ಅವರನ್ನ ಕೇಳಬೇಕು.

ಇನ್ನು 'ಮೊದಲು ಪ್ರಾಥಮಿಕ' ಅನ್ನುವ ಮಾತು. ನಮಗೆ ಇದು ಹಳೆಯ ರಾಗ. ನೀವು ಅಕ್ಷರ ಕಲೀರಿ, ಸಹಿ ಮಾಡೋದು ಕಲೀರಿ, ಡಿಗ್ರಿ ನಾವು ನೋಡ್ಕೋತೀವಿ! ಬಾಬಾಸಾಹೇಬರು ಈ ಬಲೆಗೆ ಬೀಳಲಿಲ್ಲ. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿ ಸೇರಿದ ವರ್ಷವೇ ಅವರು ಸಲ್ಲಿಸಿದ ಮನವಿಯಲ್ಲಿ ಪರಿಶಿಷ್ಟರ ಉನ್ನತ ಶಿಕ್ಷಣಕ್ಕೆ, ಅದರಲ್ಲೂ ವಿಜ್ಞಾನ ತಂತ್ರಜ್ಞಾನದ ಓದಿಗೆ, ಸರ್ಕಾರದ ದುಡ್ಡು ಕೇಳಿದರು. 1944ರಲ್ಲಿ ಶುರುವಾದ ವಿದ್ಯಾರ್ಥಿವೇತನವೇ ಇವತ್ತಿನ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್.

ಆದರೆ ಎದುರಾಳಿಯ ಮಾತಿನಲ್ಲಿ ಒಂದು ಮುಳ್ಳು ಇದೆ, ಅದನ್ನ ಮುಚ್ಚಿಟ್ಟು ಮುಂದೆ ಹೋದರೆ ನಾವು ಮೋಸಗಾರರು. ಸ್ವಾತಂತ್ರ್ಯ ಬಂದಮೇಲೆ ಸರ್ಕಾರ ಉನ್ನತ ಶಿಕ್ಷಣಕ್ಕೆ ಸುರಿದ ಹಣದ ಹೆಚ್ಚು ಪಾಲು ಉಂಡವರು ಯಾರು? ಮೊದಲೇ ಓದಿದ ಮನೆಗಳ ಮಕ್ಕಳು. ಕೂಲಿಯವಳು ಬೆಂಕಿಪೊಟ್ಟಣಕ್ಕೆ, ಸೋಪಿಗೆ ಕೊಟ್ಟ ತೆರಿಗೆಯಲ್ಲಿ ಓದಿ ಎಂಜಿನಿಯರಾಗಿ ವಿಮಾನ ಹತ್ತಿದವರ ಲೆಕ್ಕ ಯಾರೂ ಕೇಳಲಿಲ್ಲ. ಹಾಗಿದ್ದರೆ ಅವರಿಂದ ಫೀಸು ವಸೂಲು ಮಾಡೋದು ನ್ಯಾಯವಲ್ಲವೇ? ನಮಗೂ ಒಂದು ಕಾಲಕ್ಕೆ ಹಾಗನ್ನಿಸಿತ್ತು. ಈಗ ಅನ್ನಿಸುವುದೇ ಬೇರೆ. ಉಳ್ಳವರಿಂದ ವಸೂಲು ಮಾಡೋಕೆ ಆದಾಯ ತೆರಿಗೆ ಇದೆ, ಆಸ್ತಿ ಇದೆ, ದುಡಿದಮೇಲೆ ಹಿಡಿಯಬಹುದು. ಕಾಲೇಜಿನ ಬಾಗಿಲಲ್ಲಿ ಹಿಡಿದರೆ ಉಳ್ಳವನು ಕೊಟ್ಟು ಒಳಗೆ ಹೋಗ್ತಾನೆ, ಇಲ್ಲದವನು ಹೊರಗೇ ಉಳೀತಾನೆ. ನಮ್ಮ ಹೆಸರು ಹೇಳಿ ಹಾಕಿದ ಬೇಲಿಗೆ ಮೊದಲು ಸಿಕ್ಕಿಬೀಳುವವರು ನಾವೇ.

ನಮ್ಮ ದೇಶದಲ್ಲಿ ಬೇಲಿ ಎದ್ದದ್ದನ್ನು ಬೇಗ ಹೇಳಿ ಮುಗಿಸುತ್ತೇವೆ. ವಿಶ್ವವಿದ್ಯಾಲಯಗಳು ತಮ್ಮ ವಾರ್ಷಿಕ ಖರ್ಚಿನ ಶೇ. 15ನ್ನು ತಾವೇ ಸಂಪಾದಿಸಲಿ, ಹತ್ತು ವರ್ಷದಲ್ಲಿ ಅದು ಶೇ. 25 ಆಗಲಿ ಎಂದಿತು 1993ರ ಪುನ್ನಯ್ಯ ಸಮಿತಿ. 2000ದಲ್ಲಿ ಪ್ರಧಾನಿಯವರ ವ್ಯಾಪಾರ ಕೈಗಾರಿಕಾ ಮಂಡಳಿಗೆ ಶಿಕ್ಷಣದ ಬಗ್ಗೆ ವರದಿ ಕೊಟ್ಟವರು ಮುಕೇಶ್ ಅಂಬಾನಿ ಮತ್ತು ಕುಮಾರಮಂಗಲಂ ಬಿರ್ಲಾ (ದೇಶದಲ್ಲಿ ಮೇಷ್ಟ್ರುಗಳೇ ಇರಲಿಲ್ಲವೇನೋ). ಬಳಸುವವನು ದುಡ್ಡು ಕೊಡಲಿ ಎಂಬುದೇ ಅದರ ಸಾರ. 2017ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿ ಕೇಂದ್ರ ಸರ್ಕಾರ 'ಹೆಫಾ' ಎಂಬ ಸಂಸ್ಥೆ ಕಟ್ಟಿತು. ಅಲ್ಲಿಂದಾಚೆಗೆ ಕಟ್ಟಡಕ್ಕೆ, ಲ್ಯಾಬಿಗೆ ಅನುದಾನದ ಬದಲು ಸಾಲ. ಹಳೆಯ ಸಂಸ್ಥೆಗಳು ಅಸಲನ್ನು ತಮ್ಮ ವರಮಾನದಿಂದ ತೀರಿಸಬೇಕು. ವರಮಾನ ಅಂದರೆ ಫೀಸು.

ನಮ್ಮ ಕರ್ನಾಟಕ ಈ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಕ್ಯಾಪಿಟೇಷನ್ ಎಂಬ ಪದವನ್ನ ಹಳ್ಳಿಯ ಅಜ್ಜಿಗೂ ಕಲಿಸಿದ ರಾಜ್ಯ ಇದು. 1984ರಲ್ಲಿ ಅದನ್ನು ನಿಷೇಧಿಸಿ ಕಾಯಿದೆ ಮಾಡಿದರು. 1989ರಲ್ಲಿ ಅದೇ ಕಾಯಿದೆಯ ಕೆಳಗೆ ದರಪಟ್ಟಿ ಹೊರಡಿಸಿದರು: ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕನ್ನಡಿಗರಿಗೆ 25,000, ಹೊರಗಿನವರಿಗೆ 60,000 ರೂಪಾಯಿ. ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಇದು ಕ್ಯಾಪಿಟೇಷನ್ನೇ ಎಂದಿತು, ಶಿಕ್ಷಣ ಹಕ್ಕು ಎಂದಿತು. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪಿನಲ್ಲಿ ಆ ಹಕ್ಕು ಹದಿನಾಲ್ಕು ವರ್ಷದ ತನಕ, ಆಮೇಲೆ ಸರ್ಕಾರದ ಶಕ್ತಿಯಿದ್ದಷ್ಟು ಎಂದಾಯಿತು. 2002ರ ಟಿ.ಎಂ.ಎ. ಪೈ ತೀರ್ಪು ಖಾಸಗಿ ಕಾಲೇಜುಗಳಿಗೆ ತಮ್ಮ ಫೀಸು ತಾವೇ ಗೊತ್ತುಮಾಡುವ, ಮಿತವಾದ ಮಿಗತೆ ಇಟ್ಟುಕೊಳ್ಳುವ ಅವಕಾಶ ಕೊಟ್ಟಿತು. ಹಾಗೆ ಸುರಿದು ಡಾಕ್ಟರಾದವನು ಮೊದಲ ರೋಗಿಯ ನಾಡಿ ಹಿಡಿದಾಗ ಅವನ ಇನ್ನೊಂದು ಕೈ ಯಾವ ಲೆಕ್ಕದ ಪುಸ್ತಕದಲ್ಲಿರುತ್ತದೆ? ಓದು ಬಂಡವಾಳ ಎಂಬ ಸಿದ್ಧಾಂತವನ್ನು ಅಕ್ಷರಶಃ ನಂಬಿ ನಡೆಯುವವನು ಇವನೊಬ್ಬನೇ.

ನಮ್ಮ ಹುಡುಗನ ಪಾಡು ಬೇರೆ. ಶೈಕ್ಷಣಿಕ ಸಾಲದ ಮಾದರಿ ಯೋಜನೆ 2001ರಿಂದ ಇದೆ. ನಾಲ್ಕು ಲಕ್ಷದ ತನಕ ಅಡಮಾನ ಬೇಡ ಎಂದು ಅದರಲ್ಲೇ ಬರೆದಿದೆ. ನಮ್ಮ ತಾಲ್ಲೂಕಿನ ಒಬ್ಬ ಹುಡುಗ ಅಪ್ಪನನ್ನ ಕರಕೊಂಡು ಬ್ಯಾಂಕಿಗೆ ಹೋದ. ಮ್ಯಾನೇಜರು ಕೇಳಿದ ಮೊದಲ ಪ್ರಶ್ನೆ: "ನಿಮ್ಮಪ್ಪನ ಹೆಸರಲ್ಲಿ ಪಹಣಿ ಇದೆಯೇನಪ್ಪಾ?" ಹುಡುಗ "ಇಲ್ಲ ಸಾರ್, ಬೇಡ ಅಂತ ಸರ್ಕಾರ ಹೇಳಿದೆಯಲ್ಲ ಸಾರ್" ಅಂದ. "ಸರ್ಕಾರ ಬಂದು ತೀರಿಸುತ್ತೇನಯ್ಯಾ?" ಅಪ್ಪ ಆಗಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದರು. ಸಾಲ ಅಂದರೆ ಆ ಅಪ್ಪನಿಗೆ ನೆನಪಾಗುವುದು ತನ್ನಪ್ಪ ಮದುವೆಗೆ ತಂದ ಮುನ್ನೂರು ರೂಪಾಯಿ, ಅದಕ್ಕೆ ತಾನು ಗೌಡರ ಮನೆಯಲ್ಲಿ ಗೇಯ್ದ ವರ್ಷಗಳು. ಜೀತ ವಿಮುಕ್ತಿ ಕಾಯಿದೆ 1976ರಲ್ಲಿ ಬಂತು, ಸಾಲದ ಹೆದರಿಕೆ ಕಾಯಿದೆಗೆ ಹೋಗುವಂಥದ್ದಲ್ಲ. 2024ರ ವಿದ್ಯಾಲಕ್ಷ್ಮಿ ಯೋಜನೆ ಅಡಮಾನವಿಲ್ಲದ ಸಾಲ ಕೊಡುತ್ತದೆ, ಅದೂ ಮೇಲ್ಪಂಕ್ತಿಯ ಕೆಲವು ನೂರು ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ. ಆ ಪಟ್ಟಿಯಲ್ಲಿ ನಮ್ಮ ತಾಲ್ಲೂಕಿನ ಕಾಲೇಜನ್ನು ದುರ್ಬೀನು ಹಾಕಿದರೂ ಕಾಣೆವು.

ಸಾಲ ಕೊಟ್ಟರೂ ಎನ್ನೋಣ. ಡಿಗ್ರಿ ಎಲ್ಲರಿಗೂ ಒಂದೇ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಅದನ್ನು ಪರೀಕ್ಷೆ ಮಾಡೋಕೆ 1913ಕ್ಕೆ ಹೋಗೋಣ. ಬರೋಡಾದ ಸಯ್ಯಾಜಿರಾವ್ ಗಾಯಕವಾಡರು ಅಂಬೇಡ್ಕರರಿಗೆ ಕೊಲಂಬಿಯಾದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಟ್ಟರು, ಮೂರು ವರ್ಷ. ಓದಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು. ಓದಿನ ಹಣಕಾಸಿನ ಇಂಥ ಸ್ವಚ್ಛ ಉದಾಹರಣೆ ಪಠ್ಯಪುಸ್ತಕದಲ್ಲೂ ಸಿಗದು: ಹಣ ಹಾಕುವವರು ಇದ್ದಾರೆ, ಕರಾರಿದೆ, ಕೆಲಸ ಮೊದಲೇ ಗೊತ್ತಾಗಿದೆ. 1917ರಲ್ಲಿ ಅವರು ಕೊಲಂಬಿಯಾದಲ್ಲಿ ಓದಿ, ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಬರೋಡಾಕ್ಕೆ ಬಂದರು. ಓದಿದ್ದು ಅರ್ಥಶಾಸ್ತ್ರವನ್ನೇ. ಮಿನ್ಸರನ ಸೂತ್ರಕ್ಕೆ ಅವರ ಓದಿನ ವರ್ಷ ಹಾಕಿದರೆ ಸಂಬಳ ಎಷ್ಟೆಂದು ಹೇಳಿಬಿಡುತ್ತದೆ. ಮಲಗೋಕೆ ಒಂದು ಕೋಣೆ ಸಿಗುತ್ತದೋ ಇಲ್ಲವೋ ಎಂಬುದನ್ನ ಹೇಳೋದಿಲ್ಲ. ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದಿತು. ಸ್ನೇಹಿತರಲ್ಲಿ ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು, ಯಾರ ಮನೆಯಲ್ಲೂ ಜಾಗವಾಗಲಿಲ್ಲ. ಸಾರ್ವಜನಿಕ ತೋಟದಲ್ಲಿ ಕೂತಿದ್ದು ರಾತ್ರಿ ಬೊಂಬಾಯಿ ರೈಲು ಹತ್ತಿದರು. ಇದನ್ನು 'ವೀಸಾಕ್ಕಾಗಿ ಕಾಯುತ್ತಾ' ಎಂಬ ಬರಹದಲ್ಲಿ ಅವರೇ ಬರೆದಿದ್ದಾರೆ.

ಹತ್ತು ವರ್ಷದ ಕರಾರು ಮುರಿಯಿತು. ಮುರಿದವರು ಯಾರು? ಬ್ಯಾಂಕಿನ ಭಾಷೆಯಲ್ಲಿ ಸಾಲಗಾರ. ನಮ್ಮ ಭಾಷೆಯಲ್ಲಿ ಊರು.

ಇದು ನೂರು ವರ್ಷದ ಹಿಂದಿನ ಕತೆ, ಈಗ ಹಾಗಿಲ್ಲ ಅನ್ನುವವರಿಗೆ ಇನ್ನೊಂದು. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳು ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತುಗಳಿಗೆ ಒಂದೇ ತೂಕದ ಓದು, ಒಂದೇ ತೂಕದ ಅನುಭವ ಇರುವ ಅರ್ಜಿಗಳನ್ನು ಕಳಿಸಿದರು. ಹೆಸರು ಮಾತ್ರ ಬೇರೆ: ಒಂದು ಮೇಲ್ಜಾತಿಯದು, ಒಂದು ದಲಿತರದು, ಒಂದು ಮುಸ್ಲಿಮರದು. ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿನ ಮೂರನೇ ಎರಡು ಭಾಗದಷ್ಟು. ಮುಸ್ಲಿಂ ಹೆಸರಿಗೆ ಅದರ ಮೂರನೇ ಒಂದು. ಸಾಲ ಕೊಟ್ಟ ಬ್ಯಾಂಕು ಮಾತ್ರ ಹೆಸರು ನೋಡಿ ಬಡ್ಡಿ ಕಡಿಮೆ ಮಾಡೋದಿಲ್ಲ, ಎಲ್ಲರಿಗೂ ಸಮಾನತೆ!

ಸರ್ಕಾರಿ ಕೆಲಸಕ್ಕಾದರೂ ಹೋಗಲಿ ಅಂದರೆ, ನಮ್ಮ ರಾಜ್ಯದ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಬಹುಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಎಂ.ಎ. ಮಾಡಿದವರು, ಪಿಎಚ್‌ಡಿ ಮಾಡಿದವರು. 2022ರ ಜನವರಿ ತನಕ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ. ವಾರಗಟ್ಟಲೆ ಮುಷ್ಕರ ಹೂಡಿದ ಮೇಲೆ 26ರಿಂದ 32 ಸಾವಿರ ಆಯಿತು, ಜೊತೆಗೇ ವಾರಕ್ಕೆ 15 ಗಂಟೆ ಪಾಠ ಎಂದರು, ಅಷ್ಟು ಜನರ ಅಗತ್ಯ ಕಡಿಮೆಯಾಯಿತು. ಅತಿಥಿ ಅನ್ನೋದು ಎಂಥ ಹೆಸರು! ಇಪ್ಪತ್ತು ವರ್ಷ ದುಡಿದರೂ ಅತಿಥಿಯಾಗಿಯೇ ಇರುವ ಮನೆ ಇದೊಂದೇ. ಉನ್ನತ ಶಿಕ್ಷಣದ ಲಾಭ ಶೇಕಡಾ ಇಷ್ಟು ಎಂದು ತರಗತಿಯಲ್ಲಿ ಪಾಠ ಮಾಡುವವರೂ ಇವರೇ.

ಉಳಿದದ್ದು ಸ್ಕಾಲರ್‌ಶಿಪ್ಪು. ಇದನ್ನು ಪಡೆಯುವವನಿಗೆ ಊರು ಇಟ್ಟ ಕೊಂಕು ಹೆಸರನ್ನೇ ಅರವಿಂದ ಮಾಲಗತ್ತಿ ತಮ್ಮ ಆತ್ಮಕಥನಕ್ಕೆ ಇಟ್ಟುಕೊಂಡರು, 'ಗೌರ್ಮೆಂಟ್ ಬ್ರಾಹ್ಮಣ'. ಅರ್ಥಶಾಸ್ತ್ರಜ್ಞರು ಸಬ್ಸಿಡಿ ಅಂತ ಸಭ್ಯವಾಗಿ ಹೇಳೋದನ್ನ ಹಾಸ್ಟೆಲ್ಲಿನ ಹೊರಗೆ ಹೀಗೆ ಹೇಳುತ್ತಿದ್ದರು. ಆ 'ಬ್ರಾಹ್ಮಣ'ನಿಗೆ ಸಂದದ್ದೆಷ್ಟು? 2017-18ರಿಂದ 2019-20ರ ತನಕ ಇಡೀ ದೇಶದ ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿಗಳಿಗೆ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ. ಹೊಣೆಯನ್ನೆಲ್ಲ ರಾಜ್ಯಗಳ ತಲೆಗೆ ಕಟ್ಟುವ ಒಂದು ಸೂತ್ರ ಹಿಡಿದು ತನ್ನ ಪಾಲನ್ನು ಕರಗಿಸುತ್ತಾ ಬಂದಿತ್ತು. 2020ರ ಡಿಸೆಂಬರಿನಲ್ಲಿ ಕೇಂದ್ರ 60, ರಾಜ್ಯ 40 ಎಂದು ಬದಲಾಯಿಸಿದರು. ಬದಲಾವಣೆ ಒಳ್ಳೆಯದೇ. ಅದಕ್ಕೆ ಮುಂಚೆ ಫೀಸು ಬಾರದೆ ಅಂಕಪಟ್ಟಿ ಹಿಡಿದಿಟ್ಟುಕೊಂಡ ಕಾಲೇಜುಗಳಿಂದ ಬರಿಗೈಲಿ ವಾಪಸು ಹೋದವರನ್ನು ಯಾವ ಬಜೆಟ್ಟೂ ವಾಪಸು ಕರೆಯಲಾರದು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಅವರ ಕೊನೆಯ ಕಾಗದದಲ್ಲಿ ಏಳು ತಿಂಗಳ ಫೆಲೋಶಿಪ್ ಬಾಕಿಯ ಲೆಕ್ಕವೂ ಇತ್ತು, ಒಂದು ಲಕ್ಷ ಎಪ್ಪತ್ತೈದು ಸಾವಿರ.

ಕೊನೆಗೆ ಒಂದು ಮನೆಯ ಲೆಕ್ಕ. ನಮ್ಮ ಗೆಳೆಯರೊಬ್ಬರು ಹಳ್ಳಿಯ ಮೇಷ್ಟ್ರಾಗಿದ್ದು ಈಗ ನಿವೃತ್ತರು. 1986ರಲ್ಲಿ ಬಿ.ಎ. ಮುಗಿಸಿದರು, ಕೇರಿಯಲ್ಲಿ ಮೊದಲನೆಯವರು. ಮೊದಲ ಎರಡು ವರ್ಷದ ಸಂಬಳ ಅಪ್ಪನ ಸಾಲಕ್ಕೆ ಹೋಯಿತು. ಆಮೇಲೆ ತಂಗಿಯ ಮದುವೆ, ಮನೆಗೆ ಹೆಂಚು, ಅಣ್ಣನ ಮಕ್ಕಳಿಬ್ಬರ ಓದು, ಅವ್ವನ ಆಸ್ಪತ್ರೆ. ಕೋಷ್ಟಕದಲ್ಲಿ ಇದರ ಹೆಸರು ಖಾಸಗಿ ಲಾಭ! ಹನ್ನೊಂದು ಜನ ಉಂಡ ಅನ್ನಕ್ಕೆ ಒಬ್ಬನ ಹೆಸರು. ಆಯಿತು, ಅವರ ಓದಿಗೆ ಹಣ ಹಾಕಿದವರು ಯಾರು? ಸ್ಕಾಲರ್‌ಶಿಪ್ಪು ಅರ್ಧ. ಇನ್ನರ್ಧ ಅವರ ಅಣ್ಣ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೂಲಿಗೆ ಹೋದರು, ತಮ್ಮ ಓದಲಿ ಅಂತ. ತಮ್ಮನಿಗಿಂತ ಜಾಣರಾಗಿದ್ದರಂತೆ, ಇದನ್ನ ತಮ್ಮನೇ ಹೇಳ್ತಾರೆ. ಆ ಅಣ್ಣ ಕೋಷ್ಟಕದಲ್ಲೂ ಇದ್ದಾರೆ, ಇಲ್ಲ ಅನ್ನೋ ಹಾಗಿಲ್ಲ. ಎಲ್ಲಿದ್ದಾರೆ ಗೊತ್ತೇ? ಓದದವನ ಸಂಬಳ ಎಂಬ ಸಾಲಿನಲ್ಲಿ. ಅವರ ಕೂಲಿ ಎಷ್ಟು ಕಡಿಮೆಯೋ ತಮ್ಮನ ಓದಿನ ಲಾಭ ಅಷ್ಟು ಹೆಚ್ಚು ಎಂದು ತೋರುತ್ತದೆ. ಹಣ ಹಾಕಿದವನ ಬಡತನವನ್ನೇ ಲಾಭವೆಂದು ಬರೆದುಕೊಂಡು, ಇಷ್ಟು ಲಾಭ ಬರುವವನಿಗೆ ಸರ್ಕಾರ ಯಾಕೆ ಕೊಡಬೇಕು ಅಂತ ಕೇಳುತ್ತಾರೆ.

ಓದುಗರಲ್ಲಿ ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಬಹಳ ಜನ ಇದ್ದೀರಿ. ನಿಮ್ಮ ಕೇರಿಯ ಮೊದಲ ಪದವೀಧರರ ಲೆಕ್ಕವನ್ನು ಬರೆದು ಕಳಿಸಿ. ಯಾವ ವರ್ಷ ಓದಿದರು, ಸ್ಕಾಲರ್‌ಶಿಪ್ಪು ಎಷ್ಟು ಬಂತು, ಯಾವ ತಿಂಗಳು ಬಂತು, ಯಾರು ಶಾಲೆ ಬಿಟ್ಟರು, ಏನು ಮಾರಿದರು, ಕೆಲಸ ಸಿಕ್ಕಿತೇ, ಸಿಕ್ಕ ಊರಿನಲ್ಲಿ ಬಾಡಿಗೆ ಮನೆ ಸಿಕ್ಕಿತೇ. ಹೆಸರು ಬೇಡ, ಅಂಕಿ ಸಾಕು. ಬಂದಷ್ಟನ್ನು ಮುಂದಿನ ಸಂಚಿಕೆಗಳಲ್ಲಿ ಹಾಕುತ್ತೇವೆ.