ಶೋಧನೆಯ ಆಟದಲ್ಲಿ ಸುಳಿವು ಮತ್ತು ದಾಳ

ಮೇಜಿನ ಸುತ್ತ ಕುಳಿತು ಮಾತಿನಿಂದಲೇ ಕಥೆ ಕಟ್ಟುವ ಪಾತ್ರಾಭಿನಯದ ಆಟಗಳಲ್ಲಿ, ಅಮೆರಿಕದ ಸ್ಯಾಂಡಿ ಪೀಟರ್ಸನ್ ರಚಿಸಿ 1981ರಲ್ಲಿ ಪ್ರಕಟವಾದ ‘ಕಾಲ್ ಆಫ್ ಕ್ತುಲು’ ಗಣ್ಯವಾದುದು. ಇಲ್ಲಿ ಆಟಗಾರರು ಯೋಧರಲ್ಲ, ಶೋಧಕರು. ಗ್ರಂಥಾಲಯದಲ್ಲಿ ಹಳೆಯ ಪತ್ರವೊಂದನ್ನು ಹುಡುಕುವುದಕ್ಕೂ ದಾಳವನ್ನು ಉರುಳಿಸಬೇಕು. ಬಿದ್ದ ಸಂಖ್ಯೆ ಪಾತ್ರದ ಕುಶಲತೆಯ ಶೇಕಡಾಂಶವನ್ನು ಮೀರಿದರೆ ಪತ್ರ ದೊರೆಯದು. ಮುಂದಿನ ಕಥೆಯೆಲ್ಲವೂ ಆ ಪತ್ರವನ್ನೇ ಅವಲಂಬಿಸಿದ್ದರೆ ಆಟ ಅಲ್ಲಿಯೇ ನಿಂತುಬಿಡುತ್ತದೆ.

ಈ ದೋಷಕ್ಕೆ ರಾಬಿನ್ ಲಾಸ್ ಅವರ ‘ಗಮ್‌ಶೂ’ ನಿಯಮಪದ್ಧತಿ ಪರಿಹಾರವನ್ನು ಸೂಚಿಸಿತು. ಅದನ್ನನುಸರಿಸಿ ಕೆನೆತ್ ಹೈಟ್ ರಚಿಸಿದ ‘ಟ್ರೇಲ್ ಆಫ್ ಕ್ತುಲು’ (2008) ಎಂಬ ಆಟದಲ್ಲಿ, ತಕ್ಕ ಕುಶಲತೆಯುಳ್ಳ ಪಾತ್ರ ತಕ್ಕ ಸ್ಥಳದಲ್ಲಿ ಹುಡುಕಿದರೆ ಮುಖ್ಯವಾದ ಸುಳಿವು ದೊರೆತೇ ತೀರುತ್ತದೆ. ಇದರಿಂದ ಕುತೂಹಲ ಕೆಡುವುದೆಂಬ ಆಕ್ಷೇಪವನ್ನು ನಾವು ಒಪ್ಪಲಾರೆವು. ಶೋಧನೆಯ ಸ್ವಾರಸ್ಯವಿರುವುದು ಸುಳಿವು ಸಿಕ್ಕುವುದರಲ್ಲಲ್ಲ, ಅದರ ಅರ್ಥವನ್ನು ನಿರ್ಣಯಿಸುವುದರಲ್ಲಿ.

ಆದರೆ ನಿಯಮವೊಂದೇ ಸಾಲದು. ದೊರೆತ ಸುಳಿವು ಒಂದೇ ದಾರಿಯನ್ನು ತೋರಿದರೆ ಆಟಗಾರರು ಬರಿಯ ಶ್ರೋತೃಗಳಾಗುತ್ತಾರೆ. ಆದುದರಿಂದ ಆಟವನ್ನು ನಡೆಸುವವರು ಪತ್ರವನ್ನು ಧಾರಾಳವಾಗಿ ಕೊಡಲಿ. ಅದನ್ನೋದಿದ ಮೇಲೆ ಮಾಡತಕ್ಕುದೇನೆಂಬ ಆಯ್ಕೆಯನ್ನು ಆಟಗಾರರಿಗೇ ಬಿಡಲಿ. ದಾಳವನ್ನು ಆ ಆಯ್ಕೆಯಿಂದೊದಗುವ ಅಪಾಯಕ್ಕೆ ಮೀಸಲಿಡಲಿ ಎಂಬುದು ನಮ್ಮ ಮತ.