ಸಾಬೀತು, ಖಂಡನೆ ಮತ್ತು ಕೋಲಾರದ ಗಣಿ

ಕಡೂರು, ತರೀಕೆರೆ, ಅಜ್ಜಂಪುರಗಳ ಧಾರ್ಮಿಕ ಸಭೆಗಳಲ್ಲಿ ‘ಇದನ್ನು ವಿಜ್ಞಾನವೇ ಸಾಬೀತುಪಡಿಸಿದೆ’ ಎಂಬ ಮಾತಿಗೆ ಚಪ್ಪಾಳೆ ತಪ್ಪುವುದಿಲ್ಲ. ಸ್ವಲ್ಪ ಓದಿಕೊಂಡವರು ಕಾರ್ಲ್ ಪಾಪರನ ಹೆಸರೆತ್ತಿ, ವೈಜ್ಞಾನಿಕ ಸಿದ್ಧಾಂತವನ್ನು ಎಂದಿಗೂ ಸಾಧಿಸಲಾಗದು, ಖಂಡಿಸಬಹುದಷ್ಟೆ ಎಂದು ತಿದ್ದುತ್ತಾರೆ. ಮೊದಲನೆಯ ಮಾತು ತಪ್ಪು. ಎರಡನೆಯದು ಅರ್ಧ ಸರಿ.

ಪಾಪರ್ 1934ರಲ್ಲಿ ಮಂಡಿಸಿದ ವಾದ ವರ್ತಕರಿಗೆ ಅಪರಿಚಿತವಲ್ಲ. ಮಂಡಿಗೆ ಬಂದ ಚೀಲಗಳಲ್ಲಿ ಹತ್ತನ್ನು ಬಿಚ್ಚಿ ನೋಡಿ ‘ಎಲ್ಲವೂ ಒಳ್ಳೆಯ ಅಡಿಕೆ’ ಎನ್ನಲಾಗದು. ಒಂದೇ ಹುಳುಕು ಸಿಕ್ಕರೂ ಆ ಹೇಳಿಕೆ ಬೀಳುತ್ತದೆ. ನಿಸರ್ಗದ ಚೀಲಗಳಿಗಂತೂ ಕೊನೆಯೇ ಇಲ್ಲ.

ಆದರೆ ಖಂಡನೆಯೂ ಅಷ್ಟು ಸುಲಭವೇ? ಇದಕ್ಕೆ ಕೋಲಾರದ ಚಿನ್ನದ ಗಣಿಯೇ ಸಾಕ್ಷಿ. ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನ್ ಕೂಡ ಎಂದಾದರೊಮ್ಮೆ ಒಡೆಯಬೇಕೆಂದು 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಮಂಡಿಸಿದ ಸಿದ್ಧಾಂತ ಹೇಳಿತು. ಅದರ ಆಯುಸ್ಸು 1ರ ಮುಂದೆ ಸುಮಾರು 30 ಸೊನ್ನೆಗಳನ್ನಿಟ್ಟಷ್ಟು ವರ್ಷ! ಒಂದನ್ನೇ ಕಾಯುತ್ತ ಕೂರುವುದು ಅಸಾಧ್ಯ. ಅಸಂಖ್ಯ ಪ್ರೋಟಾನುಗಳನ್ನು ಒಟ್ಟಿಗೆ ಕೆಲವು ವರ್ಷ ಕಾಯಬಹುದು. ಎಂ. ಜಿ. ಕೆ. ಮೆನನ್, ಬಿ. ವಿ. ಶ್ರೀಕಂಠನ್ ಮೊದಲಾದವರಿದ್ದ ಭಾರತ-ಜಪಾನ್ ತಂಡವು 2,300 ಮೀಟರ್ ಆಳದಲ್ಲಿ ಸುಮಾರು 140 ಟನ್ ತೂಕದ, ಬಹುಪಾಲು ಕಬ್ಬಿಣದ ಉಪಕರಣವನ್ನಿಟ್ಟು 1980ರಿಂದ ಕಾಯತೊಡಗಿತು. ಅಷ್ಟು ಆಳವೇಕೆಂದರೆ, ವಿಶ್ವಕಿರಣಗಳ ಗದ್ದಲವನ್ನು ಮೇಲಿನ ಬಂಡೆ ತಡೆಯುತ್ತದೆ. 1981ರಲ್ಲಿ, ಒಡೆದಿರಬಹುದೆಂಬ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತು. ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೊಗಳು ಅಂಥದೇ ಗುರುತು ಮೂಡಿಸಬಲ್ಲವಾದ್ದರಿಂದ ವಿವಾದ ಉಳಿಯಿತು. ಅಮೆರಿಕ, ಜಪಾನುಗಳ ದೊಡ್ಡ ನೀರಿನ ತೊಟ್ಟಿಗಳಲ್ಲಿ ನಿರೀಕ್ಷಿಸಿದ ಘಟನೆ ಕಾಣಲೇ ಇಲ್ಲ.

ಇದರಿಂದ ಬಿದ್ದದ್ದು ಆ ಸಿದ್ಧಾಂತದ ಸರಳ ರೂಪ ಮಾತ್ರ. ಆಯುಸ್ಸನ್ನು ಇನ್ನಷ್ಟು ದೀರ್ಘಗೊಳಿಸುವ ಬೇರೆ ರೂಪಗಳು ಬದುಕಿದವು. ಲೆಕ್ಕಪತ್ರ ಬಲ್ಲವರಿಗೆ ಇದರ ಮರ್ಮ ತಿಳಿಯುತ್ತದೆ. ತಾಳೆಪಟ್ಟಿ ಹೊಂದದಿದ್ದರೆ ಎಲ್ಲೋ ತಪ್ಪಿದೆಯೆಂದು ಗೊತ್ತಾದೀತು, ಯಾವ ಪುಟದಲ್ಲೆಂದು ಗೊತ್ತಾಗದು; ಹೊಂದಿದರೂ ಲೆಕ್ಕ ಸರಿಯೆನ್ನಲಾಗದು, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿರಬಹುದು. ಪಾಪರನ ಹೆಸರು ಹೇಳುವವರು ಈ ಎರಡನೆಯ ಭಾಗವನ್ನಷ್ಟೇ ಕಲಿತಿದ್ದಾರೆ. ಕಾಣದ್ದರಿಂದಲೇ ಪ್ರೋಟಾನ್ ನಿತ್ಯವೆಂದೂ ಸಿದ್ಧವಾಗದು. ಅನುಪಲಬ್ಧಿಯ ಬೆಲೆ ಹುಡುಕಿದ ವ್ಯಾಪ್ತಿಯಷ್ಟೆ.

ಇನ್ನು ಸಭೆಯ ಉಪನ್ಯಾಸಕರ ವಿಷಯ. ಪ್ರೋಟಾನ್ ಒಡೆದರೆ ಪರ್ಯಾಯದ ಅನಿತ್ಯತೆಗೆ, ಒಡೆಯದಿದ್ದರೆ ದ್ರವ್ಯದ ನಿತ್ಯತೆಗೆ ವಿಜ್ಞಾನದ ಮುದ್ರೆ ಬಿತ್ತೆಂದು ಹೇಳಬಲ್ಲವರಿಗೆ ಯಾವ ಫಲಿತಾಂಶದಿಂದಲೂ ನಷ್ಟವಿಲ್ಲ. ನಷ್ಟಕ್ಕೆ ಒಡ್ಡಿಕೊಳ್ಳದ ಮಾತಿಗೆ ಪ್ರಯೋಗದ ಲಾಭವೂ ಸಲ್ಲದು. ‘ಇದುವರೆಗೆ ಖಂಡಿತವಾಗಿಲ್ಲ’ ಎನ್ನಬೇಕಾದಲ್ಲಿ ‘ಸಾಬೀತಾಗಿದೆ’ ಎನ್ನುವುದು ಸತ್ಯಾಣುವ್ರತ ಹೊತ್ತ ಶ್ರಾವಕನಿಗೆ ಸಣ್ಣ ದೋಷವಲ್ಲ. ಸ್ಯಾದ್ವಾದದ ಪರಂಪರೆಯವರೇ ‘ಸ್ಯಾತ್’ ಪದವನ್ನು ಮರೆಯುವುದು ಸೋಜಿಗ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಜಪಾನಿನ ಸೂಪರ್ ಕಮಿಯೋಕಾಂಡೆ 1996ರಿಂದ 50,000 ಟನ್ ನೀರಿನಲ್ಲಿ ಹುಡುಕುತ್ತಿದೆ. ಒಡೆದ ಪ್ರೋಟಾನ್ ಒಂದೂ ದೃಢಪಟ್ಟಿಲ್ಲ.